ಒಂಬತ್ತು ಪಾದ ಮಣ್ಣು

“ಆ ಶಬ್ದ ಮಾತ್ರ ಬರೀಬ್ಯಾಡ್ರಿ ರಾಯರ,” ಎಂದು ಚಾಪೆಯ ಮೇಲೆ ಕೂಡುವ ಮೊದಲೇ ಅವರು ತಾಕೀತು ಮಾಡಿದರು.

“ಯಾವ ಶಬ್ದರಿ ಅವ್ವಾರ?”

“ಅದ ರೀ. ಹೋದವರಿಗೆ ಅಂತಾರಲ್ಲ, ಅದು. ನಾ ಇನ್ನೂ ಉಸರಾಡಾಕತ್ತೇನಿ. ಉಸರಾಡೂ ಮನಷ್ಯಾಳ ಹೆಸರಿನ ಮುಂದ ಅದನ್ನ ಬರದ್ರ ಅಪಶಕುನ.”

ಶಿರಹಟ್ಟಿ ಕಚೇರಿಯ ಎದುರು ಬೇವಿನ ಗಿಡದ ಬುಡದಲ್ಲಿ ಚಾಪೆ ಹಾಸಿಕೊಂಡು ಅರ್ಜಿ ಬರೆಯುವುದು ನನ್ನ ಕೆಲಸ. ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾಗಿ, ಲಕ್ಷ್ಮೇಶ್ವರದವರೂ ಈಗ ನಮ್ಮ ಶಿರಹಟ್ಟಿಗೇ ಬರಬೇಕಾಗಿತ್ತು. ಮೊದಲು ಸಂಸ್ಥಾನದ ಕಾರಭಾರಿಯ ಮುಂದೆ ಕೈಮುಗಿದು ನಿಂತು ‘ಹೂಂ’ ಅನ್ನಿಸಿಕೊಂಡರೆ ಮುಗಿಯುತ್ತಿದ್ದ ಕೆಲಸಕ್ಕೆಲ್ಲ ಈಗ ಕಾಗದ ಬೇಕು, ಕಾಗದಕ್ಕೆ ನಂಬರು ಬೇಕು. ನನಗೆ ಮೂಗು ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಅದಕ್ಕೆ ಸರಿಯಾಗಿ ಗರ್ವವೂ ಬಂದಿತ್ತು. ನನ್ನ ಅಕ್ಷರ ಮುತ್ತು, ನನ್ನ ಅರ್ಜಿ ಒಂದೇ ಸಲಕ್ಕೆ ಪಾಸು ಎಂದು ನಾನೇ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದೆ.

ಬಂದವರು ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರ ಹೆಂಡತಿ. ವ್ಯಾಪಾರಿಗಳು ತೀರಿಕೊಂಡು ಎಂಟು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮುಂಡರಗಿಯಿಂದ ಬಂದು ಜೊತೆಗಿದ್ದ ತಂಗಿಯ ಮಗಳೇ ಅವರ ಕೈಕಾಲು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಒಂದು ವರ್ಷದ ಮೇಲೆ ಭರವಸೆ ಇಡಬೇಡಿ ಎಂದು ಗದಗಿನ ಡಾಕ್ಟರು ಹೇಳಿದ್ದರಂತೆ. ಅದನ್ನು ಅವ್ವಾರು ನನಗೆ ಹೇಳಿದ್ದು, ನಾಳೆ ಗದಗಿನ ರೈಲು ಎಷ್ಟು ಹೊತ್ತಿಗೆ ಎಂದು ಹೇಳುವ ಧಾಟಿಯಲ್ಲಿ.

ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಯಜಮಾನರ ಸಮಾಧಿ ಊರ ರುದ್ರಭೂಮಿಯಲ್ಲಿ ಇರಲಿಲ್ಲ, ಸ್ವಂತ ಹೊಲದಲ್ಲಿತ್ತು. ಅದರ ಮೇಲೊಂದು ಸಣ್ಣ ಕಲ್ಲಿನ ಕಟ್ಟೆ. ಅದರ ಬಲಮಗ್ಗುಲಲ್ಲಿ ತಮಗೆ ಜಾಗ ಬೇಕು. ಆಗ ಕಾರಭಾರಿಯ ಬಾಯಿಮಾತು ನಡೆದಿತ್ತು. ಈಗ ರುದ್ರಭೂಮಿ ಬಿಟ್ಟು ಬೇರೆ ಕಡೆ ಹೂಳಬೇಕಾದರೆ ಸರಕಾರದ ಲಿಖಿತ ಪರವಾನಗಿ ಬೇಕು. ಹೊಲ ಉಳುತ್ತಿದ್ದವನು ಮೈದುನನ ಮಗ, ಮುಂದೆ ಅದು ಅವನಿಗೇ ಸೇರುವಂಥದು. ಅವನು ಊರಲ್ಲಿ ಆಗಲೇ ಅಂದುಬಿಟ್ಟಿದ್ದ, ಇನ್ನೊಂದು ಕಟ್ಟೆ ನನ್ನ ಹೊಲದಲ್ಲಿ ಆಗಗೊಡುವುದಿಲ್ಲ ಅಂತ.

“ಕಾಗದ ಇಲ್ಲಂದ್ರ ಅವಾ ವಿಮಾನ ಹೊಲದ ಬದುವಿಗೇ ನಿಂದರಸ್ತಾನರಿ,” ಎಂದರು ಅವ್ವಾರು. ಹೂವು ಕಟ್ಟಿ ಸಿಂಗರಿಸಿ, ಹೋದವರನ್ನು ಕೂಡಿಸಿ ಒಯ್ಯುವ ಚಟ್ಟಕ್ಕೆ ಅವರಲ್ಲಿ ವಿಮಾನ ಅನ್ನುತ್ತಾರೆ. “ಆವಾಗ ನಾ ಜಗಳಾ ಮಾಡಾಕ ಬರತೈತೇನು? ಈಗ ಮಾಡಿಟ್ಟ ಹೋಗತೇನಿ.”

ಶಬ್ದದ ತೊಡಕು ಅಲ್ಲೇ ಬಂತು. ಹೆಣ ಅನ್ನಕೂಡದು, ಶವ ಅನ್ನಕೂಡದು, ಸಮಾಧಿ ಅನ್ನುವುದು ಸ್ವಾಮಿಗಳಿಗೆ ಮಾತ್ರ, ನಮ್ಮಂಥವರಿಗೆ ಅಲ್ಲ ಎಂದು ಅದನ್ನೂ ತೆಗೆಸಿದರು. “ನಮ್ಮ ಕಡೆ ಏನಂತೇವಿ? ಮಣ್ಣು ಅಂತೇವಿ. ಮಣ್ಣಿಗೆ ಹೋಗಿದ್ವಿ, ಮಣ್ಣು ಆತು ಅಂತೇವಿ. ಅದನ್ನ ಬರೀರಿ. ಅದರಾಗ ಅಪಶಕುನ ಇಲ್ಲ.” ನನಗೂ ಸರಿ ಅನ್ನಿಸಿತು. ಶಿರಹಟ್ಟಿಯಲ್ಲಿ ಮಣ್ಣಿಗೆ ಹೊರಟೆ ಅಂದರೆ ತಿಳಿಯದವರು ಯಾರಿದ್ದಾರೆ?

ಇನ್ನು ಗುಂಡಿಯ ಅಳತೆ. ಮೇಲಿನ ಕಚೇರಿಗೆ ಅಳತೆ ಇಲ್ಲದ ಅರ್ಜಿ ಕಳಿಸಿದರೆ ಹೊರಳಿ ಬರುತ್ತದೆ ಎಂದು ನನಗೆ ಗೊತ್ತಿತ್ತು. ಕೇಳಿದೆ. “ಉದ್ದ ಒಂಬತ್ತು ಪಾದ, ಅಗಲ ಐದು ಪಾದ, ಆಳ ಒಂಬತ್ತು,” ಎಂದರು. ನಾನು ಒಂಬತ್ತು ಫೂಟು, ಐದು ಫೂಟು ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯತೊಡಗಿದೆ. ಅವರು ಕೇಳಿ ನಕ್ಕುಬಿಟ್ಟರು.

“ಸರಕಾರದ ಫೂಟಲ್ಲರಿ! ನನ್ನ ಪಾದ. ನಮ್ಮ ಮನಿತನದಾಗ ಹೋದವರ ಪಾದಲೇನ ಅಳೀತಾರ.”

ನಾವು ಸುಡುವ ಮಂದಿ. ನನಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು? ನಾಚಿಕೆಯಿಂದ ಹಾಳೆಯನ್ನು ಮಗುಚಿ ಅವರ ಮುಂದಿಟ್ಟೆ. ಅವರು ಬಲಗಾಲು ಇಟ್ಟರು. ತಂಗಿಯ ಮಗಳು ಪೆನ್ಸಿಲು ಹಿಡಿದು ಸುತ್ತಲೂ ಗೆರೆ ಎಳೆದಳು. ಕಿರುಬೆರಳಿನ ಹತ್ತಿರ ಅವ್ವಾರಿಗೆ ಕಚಗುಳಿಯಾಗಿ ಕಾಲು ಸರಿಯಿತು, ಗೆರೆ ಅಲ್ಲಿ ಸೊಟ್ಟಗಾಯಿತು. ಫೂಟುಪಟ್ಟಿ ಇಟ್ಟು ನೋಡಿದೆ, ಸರಿಯಾಗಿ ಒಂಬತ್ತು ಇಂಚು. ಗುಣಿಸಿದರೆ ಉದ್ದವೂ ಆಳವೂ ಆರು ಫೂಟು ಒಂಬತ್ತು ಇಂಚು, ಅಗಲ ಮೂರು ಫೂಟು ಒಂಬತ್ತು ಇಂಚು. ಬದುಕಿರುವವರ ಗುಂಡಿಯ ಲೆಕ್ಕ ಹಾಕಿದ್ದು ಅದೇ ಮೊದಲು. ಎರಡು ಸಲ ಗುಣಿಸಿ ನೋಡಿದೆ.

ಅರ್ಜಿ ಹೀಗೆ ತಯಾರಾಯಿತು: ‘ಸದರಿ ಹೊಲದಲ್ಲಿ ಯಜಮಾನರ ಕಟ್ಟೆಯ ಬಲಮಗ್ಗುಲಿಗೆ, ನನ್ನ ಮಣ್ಣಿನ ಕಾರ್ಯಕ್ಕಾಗಿ, ಕೆಳಗೆ ಕಾಣಿಸಿದ ಅಳತೆಯ ಗುಂಡಿ ತೆಗೆಯಲು ಪರವಾನಗಿ ದಯಪಾಲಿಸಬೇಕು.’ ಸರ್ವೆ ನಂಬರು ಹಾಕಿದೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆದೆ. ಓದಿ ಹೇಳಿದಾಗ ಅವ್ವಾರು ಕಣ್ಣು ಮುಚ್ಚಿ ಕೇಳಿ, “ಛಲೋ ಆತು,” ಎಂದರು. ಹೆಬ್ಬೆಟ್ಟು ಒತ್ತಿದರು. ನಾನೂ ಬೀಗಿದೆ.

ದೀಪಾವಳಿಗೆ ಹೋದ ಅರ್ಜಿಗೆ ಶಿವರಾತ್ರಿಯ ಹೊತ್ತಿಗೆ ಉತ್ತರ ಬಂತು. ಮಂಜೂರು! ಗಿಡದ ಕೆಳಗಿದ್ದವರಿಗೆಲ್ಲ ಕೇಳಿಸುವಂತೆ ಲಕೋಟೆ ಒಡೆದು ದೊಡ್ಡ ದನಿಯಲ್ಲಿ ಓದತೊಡಗಿದೆ. ಎರಡನೆಯ ಸಾಲಿಗೆ ನನ್ನ ದನಿ ತಾನಾಗಿ ಇಳಿಯಿತು.

‘ಅರ್ಜಿದಾರರ ಯಜಮಾನರ ಕಾಲದ ಹಳೆಯ ಒಡ್ಡಿನ ದುರಸ್ತಿಗಾಗಿ, ಸದರಿ ಅಳತೆಯ ಗುಂಡಿಯಿಂದ ಮಣ್ಣು ತೆಗೆಯಲು ಪರವಾನಗಿ ಕೊಡಲಾಗಿದೆ. ಮಣ್ಣನ್ನು ಹೊಲದಿಂದ ಹೊರಗೆ ಸಾಗಿಸಕೂಡದು. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಸತಕ್ಕದ್ದು. ಮುಗಿದ ಕೂಡಲೇ ಗುಂಡಿ ಮುಚ್ಚಿ ವರದಿ ಮಾಡತಕ್ಕದ್ದು.’

ಮೇಲಿನ ಕಚೇರಿಯಲ್ಲಿ ನಮ್ಮ ಕಡೆಯ ಮಾತು ತಿಳಿಯದ ಯಾರೋ ಪುಣ್ಯಾತ್ಮರು ನನ್ನ ಅರ್ಜಿಯನ್ನು ಇಂಗ್ಲಿಷಿಗೆ ಇಳಿಸಿದ್ದರು. ಕಟ್ಟೆ ಹೋಗಿ ಒಡ್ಡು ಆಗಿತ್ತು. ಮಣ್ಣು ಬರೀ ಮಣ್ಣೇ ಆಗಿತ್ತು. ಮೊದಲು ಆ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಸಹಸ್ರನಾಮ ಹಾಕಿದೆ. ಆಮೇಲೆ ನನ್ನ ನಕಲು ತೆಗೆದು ಓದಿದೆ, ಮತ್ತೆ ಓದಿದೆ. ಅವರದೇನು ತಪ್ಪು? ಸಾವಿನ ಸುಳಿವು ಒಂದಕ್ಷರ ಆ ಕಾಗದದಲ್ಲಿ ಇರಲಿಲ್ಲ. ಹಾಗೆ ಬರೆದವನು ಮುತ್ತಿನಂಥ ಅಕ್ಷರದ ನಾನು.

ಮರುದಿನ ಸರ್ವಿಸ್ ಮೋಟಾರು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ಅವ್ವಾರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾಲ್ಕು ತಿಂಗಳಲ್ಲಿ ಅರ್ಧಕ್ಕೆ ಇಳಿದುಹೋಗಿದ್ದರು. ಆರ್ಡರು ಓದಿ ಹೇಳಿದೆ. ಒಡ್ಡು ಎಂದ ಕೂಡಲೇ ಸೆರಗು ಬಾಯಿಗೆ ಒತ್ತಿ ನಗತೊಡಗಿದರು. ನಗುತ್ತ ನಗುತ್ತ ಹೊಟ್ಟೆ ಹಿಡಿದುಕೊಂಡರು.

“ನಮ್ಮ ಮನಿಯವರು ಒಡ್ಡು ಆದ್ರೇನ್ರಿ! ಖರೆ ಐತಿ ಬಿಡ್ರಿ, ಹಂಗ ಇದ್ರು. ಒಂದ ಕಡೆ ಕುಂತ್ರ ಏಳತಿರಲಿಲ್ಲ.” ಆಮೇಲೆ ಕಣ್ಣು ಒರೆಸಿಕೊಂಡು ಕೇಳಿದರು, “ಮಳಿಗಾಲದ ಮೊದಲ ಮುಗಸಬೇಕಂತೇನ್ರಿ? ಅಂದ್ರ ನಾ ಜಲ್ದಿ ಮಾಡಬೇಕು.”

ನನಗೆ ನಗು ಬರಲಿಲ್ಲ.

ಖಬರ ಕೇಳಿ ಬಂದ ಊರ ಗೌಡರಿಗೆ ಆ ಕಾಗದ ತುಂಬ ಹಿಡಿಸಿತು. “ರಾಯರ, ಹಿಂಗ ಇರಲಿ ಬಿಡ್ರಿ. ಗುಂಡಿ ತಗೀರಿ ಅಂತ ಐತಿ, ಮುಚ್ಚರಿ ಅಂತನೂ ಐತಿ. ಮಣ್ಣ ಹೊರಗ ಒಯ್ಯಬ್ಯಾಡ್ರಿ ಅಂತ ಐತಿ. ಮತ್ತೇನ ಬೇಕು? ನಡುವ ಏನಿಟ್ರಿ ಅಂತ ಸರಕಾರ ಬಂದು ನೋಡತೈತೇನು?”

ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ಸುಮ್ಮನಿದ್ದರೆ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು. ಬೇವಿನ ಗಿಡದ ಆ ಮಗ್ಗುಲಿಗೆ ಕೂಡುತ್ತಿದ್ದ ಇನ್ನೊಬ್ಬ ಅರ್ಜಿ ಬರೆಯುವವನ ಬಾಯಿಗೂ ನಾನು ಬೀಳುತ್ತಿರಲಿಲ್ಲ. ಆಗಲಿ ಎಂದು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ತಂಗಿಯ ಮಗಳು ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದಳು. “ಕಾಕಾರ, ಅಣ್ಣ ನಿನ್ನೆ ಕಚೇರಿಗೆ ಹೋಗಿ ಆ ಆರ್ಡರಿನ ನಕಲು ಕೇಳ್ಯಾನಂತ್ರಿ.” ಅಣ್ಣ ಎಂದರೆ ಆ ಮೈದುನನ ಮಗ.

ಅಲ್ಲಿಗೆ ನನ್ನ ಆಸೆ ಕಮರಿತು. ಅವನ ಕೈಗೆ ನಕಲು ಸಿಕ್ಕ ದಿನ, ಇದು ಒಡ್ಡಿನ ಪರವಾನಗಿ, ಮಣ್ಣಿನದಲ್ಲ ಎಂದು ಬದುವಿನ ಮೇಲೆ ನಿಂತು ಹೇಳಿದರೆ ಸಾಕು. ಅವ್ವಾರು ಆಗ ಬಾಯಿ ತೆರೆಯಲಾರರು. ಚಪ್ಪಲಿ ಕಳಚಿ ಮತ್ತೆ ಒಳಗೆ ಬಂದು ಅವರ ಎದುರಿಗೆ ಕೂತೆ.

“ಅವ್ವಾರ, ತಪ್ಪು ನಂದು. ನಾ ಹೋಗಿ ಮಾಮಲೇದಾರರ ಮುಂದ ಒಪ್ಪಿಕೊಂಡು ಈ ಆರ್ಡರು ರದ್ದು ಮಾಡಸ್ತೇನಿ. ಹೊಸಾ ಅರ್ಜಿ ಹಾಕೂಣು. ಆದ್ರ ಈ ಸಲ ಆ ಶಬ್ದ ಬರೀಬೇಕರಿ. ಬ್ಯಾರೆ ಹಾದಿ ಇಲ್ಲ.”

ಹೊಸದು ಬರುವುದರೊಳಗೆ ಹಳೆಯದೂ ಇಲ್ಲದೆ, ಎರಡೂ ಇಲ್ಲದೆ ಹೋದರೆ ಏನು ಗತಿ ಎಂದು ಅವರು ಕೇಳಲಿಲ್ಲ. ನಾನು ಮಾತ್ರ ಒಳಗೊಳಗೇ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಕೊನೆಗೆ ಅವರು ತಂಗಿಯ ಮಗಳ ಕಡೆ ತಿರುಗಿ, “ನೀ ಒಳಗ ಹೋಗವಾ,” ಎಂದರು. ಅವಳು ಹೋದ ಮೇಲೆ ನನ್ನ ಕಡೆ ನೋಡಿದರು.

“ಬರಕೋರಿ. ನಾ ಸತ್ತ ಮ್ಯಾಲೆ, ನನ್ನ ಹೆಣಾ, ನನ್ನ ಗಂಡನ ಗೋರಿ ಬಾಜೂಕ, ಕುಂತ ಹಂಗ ಹೂಳಾಕ. ಆತಿಲ್ಲೋ? ಇನ್ನ ಯಾರಿಗೂ ತಿಳೀಲಿಲ್ಲ ಅಂತ ಆಗಬಾರದು.”

ಹಾಗೇ ಬರೆದೆ. ಶಾಯಿ ಒಂದು ಕಡೆ ಹನಿಯಿತು, ಆದರೂ ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ.

ತಾಲೂಕು ಕಚೇರಿಯ ಮುಖ್ಯಸ್ಥರಾದ ಮಾಮಲೇದಾರರು ಧಾರವಾಡದ ಕಡೆಯವರು. ನನ್ನ ಕತೆಯೆಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಲ್ಲರೀ, ಮಣ್ಣು ಅಂತ ಬರದ್ರ ನನಗ ತಿಳೀತಿತ್ತು. ಮ್ಯಾಲಿನವರಿಗೆ ಹ್ಯಾಂಗ ತಿಳೀಬೇಕು? ಶಾಣ್ಯಾ ಅದೀರಿ, ಇಷ್ಟ ಹೊಳೀಲಿಲ್ಲೇನು?” ನಾನು ತಲೆ ತಗ್ಗಿಸಿ ನಿಂತೆ. ಬೈಗುಳ ನ್ಯಾಯವಾದದ್ದಾಗಿತ್ತು. ಹಳೆಯ ಆರ್ಡರಿಗೆ ರದ್ದು ಎಂದು ಷರಾ ಬರೆದರು. ಈಗಾಗಲೇ ಮೈದುನನ ಮಗನ ತಕರಾರು ಅರ್ಜಿಯೂ ಬಂದಿತ್ತು. ಆದ್ದರಿಂದ ಮೇಲಕ್ಕೆ ಶಿಫಾರಸು ಕಳಿಸುವ ಮೊದಲು ತಾವೇ ಹೊಲಕ್ಕೆ ಬಂದು ಪಂಚನಾಮೆ ಮಾಡುವುದಾಗಿ ಹೇಳಿದರು.

ಯುಗಾದಿ ಕಳೆದ ವಾರ ಎಲ್ಲರೂ ಹೊಲದಲ್ಲಿ ಸೇರಿದೆವು. ಜೋಳ ಕಿತ್ತ ಎರೆಹೊಲ ಬಿಸಿಲಿಗೆ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಅವ್ವಾರನ್ನು ಬಂಡಿಯಿಂದ ಇಳಿಸಿ ಯಜಮಾನರ ಕಟ್ಟೆಯ ಮೇಲೆ ಕೂಡಿಸಿದರು. ಕಾರಕೂನ ಪಂಚನಾಮೆಯ ಕಾಗದ ಬಿಚ್ಚಿ ಮೊದಲ ಕಲಮು ಓದಿದ, “ಮೃತರ ಹೆಸರು?”

“ನಂದ ಬರಕೋರಿ,” ಎಂದರು ಅವ್ವಾರು. “ಇನ್ನೂ ಆಗಿಲ್ಲ. ಸ್ವಲ್ಪ ತಡಾ ಐತಿ.”

ಕಾರಕೂನನ ಲೇಖನಿ ಅಲ್ಲೇ ನಿಂತಿತು. ಮಾಮಲೇದಾರರು ಮುಖ ಆ ಕಡೆ ತಿರುಗಿಸಿ ನಕ್ಕಿದ್ದನ್ನು ನಾನು ನೋಡಿದೆ.

ಮೈದುನನ ಮಗ ಕೈ ಕಟ್ಟಿಕೊಂಡು ದೂರ ನಿಂತಿದ್ದ. ಕೆಟ್ಟವನೇನಲ್ಲ, ದುಡಿದು ಕಪ್ಪಾದ ಮನುಷ್ಯ. ಏನು ತಕರಾರು ಎಂದು ಕೇಳಿದಾಗ ನೆಲ ನೋಡುತ್ತಲೇ ಹೇಳಿದ. “ಸಾಹೇಬರ, ಹೊಲದ ನಟ್ಟನಡುವ ಕಟ್ಟಿ ಐತಿ. ಎತ್ತು ತಿರುವಾಕ ಜಾಗಾ ಇಲ್ಲ. ಇನ್ನೊಂದ ಆದ್ರ ಸಾಲು ಹೊಡಿಯೂದ ಹ್ಯಾಂಗ್ರಿ? ನಾಳೆ ಮತ್ತೊಬ್ರು ನಮಗೂ ಇಲ್ಲೇ ಬೇಕಂತಾರ.”

ಮಾಮಲೇದಾರರು ಅವ್ವಾರ ಕಡೆ ತಿರುಗಿದರು. “ಅವನ ಮಾತಿನ್ಯಾಗೂ ಖರೆ ಐತ್ರಿ ಅಮ್ಮಾರ. ಊರ ರುದ್ರಭೂಮಿ ಐತೆಲ್ಲ. ಇಲ್ಲೇ ಯಾಕ ಬೇಕು?”

ಈ ಪ್ರಶ್ನೆಗೆ ನಾನು ಅರ್ಜಿಯಲ್ಲಿ ‘ಪತಿಭಕ್ತಿಯ ಕಾರಣ’ ಎಂದು ಠೀವಿಯಿಂದ ಬರೆದಿದ್ದೆ. ಅವ್ವಾರು ಹೇಳಿದ್ದೇ ಬೇರೆ.

“ಸಾಹೇಬರ, ನಲವತ್ತ ವರ್ಷ ಸಂಸಾರ ಮಾಡೇವಿ. ಅವರು ಮುಂಜಾನಿ ಅಂಗಡಿಗೆ ಹೋದ್ರ ದೀಪಾ ಹಚ್ಚಿದ ಮ್ಯಾಲೆ ಬರತಿದ್ರು. ಬಂದ್ರ ಮನಿ ತುಂಬ ಮಂದಿ. ಇಬ್ಬರ ಕುಂತು ಒಂದ ಮಾತು ಆಡಲಿಲ್ಲರಿ. ಕಡೀಕ, ಹೋಗೂಮುಂದ, ಬಲಮಗ್ಗಲಾ ನಿನಗ ಬಿಟ್ಟೇನಿ, ಆಮ್ಯಾಲೆ ಕುಂತು ಮಾತಾಡೂಣು ಅಂದ್ರು. ಅವರು ಕುಂತಾರ. ನಾನೂ ಬಂದು ಕುಂಡ್ರತೇನಿ. ಅಷ್ಟ.”

ಆಮೇಲೆ ಅವ್ವಾರು ಮೈದುನನ ಮಗನ ಕಡೆ ನೋಡಿ ಹೇಳಿದರು. “ಲೇ ತಮ್ಮಾ, ನನ್ನ ಮ್ಯಾಲೆ ಕಟ್ಟಿ ಕಟ್ಟಬ್ಯಾಡ. ಕಲ್ಲ ಇಡಬ್ಯಾಡ. ಮಣ್ಣ ಸಪಾಟ ಮಾಡಿ ರಂಟಿ ಹೊಡಿ, ಜ್ವಾಳಾ ಬಿತ್ತು. ನನಗೇನ ಭಾರ ಆಗೂದಿಲ್ಲ.”

ಅವನು ತಲೆಯ ರುಮಾಲು ತೆಗೆದ. “ದೊಡ್ಡವ್ವಾ, ನಿನ್ನ ಮ್ಯಾಲೆ ನಾ ರಂಟಿ ಹ್ಯಾಂಗ ಹೊಡೀಲಿ?” ಎಂದವನು ರುಮಾಲಿನಲ್ಲಿ ಮುಖ ಒರೆಸಿಕೊಂಡು ಬದುವಿನ ಕಡೆ ನಡೆದುಬಿಟ್ಟ. ಸ್ವಲ್ಪ ಹೊತ್ತಿಗೆ ತಾನೇ ತಿರುಗಿ ಬಂದು, ತಕರಾರು ಇಲ್ಲ ಎಂದು ಪಂಚನಾಮೆಗೆ ಸಹಿ ಹಾಕಿದ. ಕಟ್ಟೆಯ ಬಲಕ್ಕೆ ನಾಲ್ಕು ಗೂಟ ಹೊಡೆದು ಗುರುತು ಮಾಡಿದೆವು. ಗೂಟ ಹಿಡಿದವನೂ ಅವನೇ.

ಶಿಫಾರಸು ಮೇಲಕ್ಕೆ ಹೋಯಿತು. ಈ ಸಲ ಯಾವ ಶಬ್ದಕ್ಕೂ ಎರಡರ್ಥ ಇರಲಿಲ್ಲ. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಸರಿಯಾದ ಪರವಾನಗಿ ಬಂತು. ಅವ್ವಾರು ಹಾಸಿಗೆ ಹಿಡಿದಿದ್ದರು. ಕಾಗದವನ್ನು ಕೈಯಲ್ಲಿ ಹಿಡಿದು ಸವರಿ, ದಿಂಬಿನ ಕೆಳಗೆ ಇಡಿಸಿಕೊಂಡರು. “ಇನ್ನ ಪುರುಸೊತ್ತಿಲೆ ಹೋಗತೇನಿ,” ಎಂದರು.

ಆರಿದ್ರಾ ಮಳೆಯಲ್ಲಿ ಹೋದರು. ಹಳೆಯ ಆರ್ಡರನ್ನೇ ನಂಬಿ ಕೂತಿದ್ದರೆ ಅದರ ಮುದ್ದತು ಅಷ್ಟರಲ್ಲಿ ಮುಗಿದಿರುತ್ತಿತ್ತು.

ಸುದ್ದಿ ಬಂದ ಮುಂಜಾನೆ ನಾನು ಲಕ್ಷ್ಮೇಶ್ವರಕ್ಕೆ ಹೋದಾಗ ಹೊಲದಲ್ಲಿ ಗುಂಡಿ ತೋಡುವವನು ಅಳತೆಗೆ ಕಾದಿದ್ದ. ಹಸಿ ಎರೆ, ಅಂಚು ಕುಸಿಯುತ್ತದೆ, ಜಲ್ದಿ ಅಳತೆ ಕೊಡಿ ಎಂದು ಮನೆಗೆ ಆಳು ಕಳಿಸಿದ್ದ. ಮನೆಯಲ್ಲಿ ಯಾರೋ ದಾರ ಹಿಡಿದು ಅವ್ವಾರ ಪಾದದ ಹತ್ತಿರ ಬಗ್ಗಿದರು. ಕಡೆಯ ದಿನಗಳಲ್ಲಿ ಪಾದ ಬಾತು ಗುರುತು ಸಿಗದಂತಾಗಿತ್ತು. ತಂಗಿಯ ಮಗಳು ಅವರ ಕೈ ತಡೆದಳು. “ಬ್ಯಾಡ್ರಿ, ಇದು ಅವರ ಕಾಲಲ್ಲ,” ಎಂದು ನನ್ನ ಮುಖ ನೋಡಿದಳು. ನನ್ನ ಚೀಲದಲ್ಲಿ ಆ ಹಾಳೆ ಇತ್ತು. ಮೊದಲ ಅರ್ಜಿಯ ಕರಡು, ಹಿಂಬದಿಗೆ ಪೆನ್ಸಿಲಿನ ಪಾದ, ಕಿರುಬೆರಳಿನ ಹತ್ತಿರ ಸೊಟ್ಟಗಾದ ಗೆರೆ. ಅದನ್ನೇ ಒಯ್ದು ತೋಡುವವನಿಗೆ ಕೊಟ್ಟೆ. ಆ ಪಾದದ ಉದ್ದಕ್ಕೆ ಸರಿಯಾಗಿ ಕಡ್ಡಿ ಮುರಿದು ಅದರಿಂದ ಒಂಬತ್ತು ಸಲ ಅಳೆದ.

ವಿಮಾನ ಬದುವಿಗೆ ಬಂದಾಗ ಮುಂದಿನ ಬೊಂಬು ಮೈದುನನ ಮಗನ ಹೆಗಲ ಮೇಲಿತ್ತು. ಗೌಡರು ಪರವಾನಗಿ ಕೇಳಿದರು, ನಾನು ತೋರಿಸಿದೆ. ಗುಂಡಿಯ ಗೋಡೆಯಲ್ಲಿ, ಯಜಮಾನರ ಕಡೆಗೆ ಮುಖ ಮಾಡಿ ಕೊರೆದ ಗೂಡಿನಲ್ಲಿ ಅವ್ವಾರನ್ನು ಕೂಡಿಸಿದರು. ಅಯ್ಯನವರು ವಿಭೂತಿ, ಪತ್ರಿ ಹಾಕಿ ಮುಗಿಸಿದ ಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು. ನಮ್ಮಲ್ಲಿ ಈ ಪದ್ಧತಿ ಇಲ್ಲ ಎಂದು ನಾನು ಹಿಂದೆ ನಿಂತಿದ್ದೆ. ತಂಗಿಯ ಮಗಳು ಕರೆದಳು. ಮುಂದೆ ಹೋಗಿ ಒಂದು ಹಿಡಿ ತೆಗೆದುಕೊಂಡೆ. ತಣ್ಣಗಿತ್ತು. ಹಾಕುವಾಗ ನನಗೆ ಅಳು ತಡೆಯಲಿಲ್ಲ.

ದೀಪಾವಳಿ ಮುಂದೆ ಒಂದು ದಿನ ಮೈದುನನ ಮಗ ಬೇವಿನ ಗಿಡದ ಕೆಳಗೆ ಬಂದು ಕೂತ. ಹೊಲದ ತುಂಬ ಜೋಳ ಬಿತ್ತಿದ್ದನಂತೆ, ಒಂಬತ್ತು ಪಾದ ಬಿಟ್ಟು. “ರಾಯರ, ದೊಡ್ಡವ್ವನ ಹೆಸರಿಲೆ ಕಾಗದ ಬಂದೈತ್ರಿ,” ಎಂದು ಲಕೋಟೆ ಕೊಟ್ಟ. ಮೇಲಿನ ಕಚೇರಿಯದು. ರದ್ದಾದ ಆರ್ಡರಿನ ಸುದ್ದಿ ಅಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಮುಟ್ಟಿರಲಿಲ್ಲ. ‘ಮಣ್ಣು ತೆಗೆಯುವ ಪರವಾನಗಿಯ ಮುದ್ದತು ಮುಗಿದಿದೆ. ಕೆಲಸ ಪೂರ್ಣವಾಯಿತೇ, ಗುಂಡಿ ಮುಚ್ಚಿದೆಯೇ, ಒಡ್ಡಿನ ಸ್ಥಿತಿ ಹೇಗಿದೆ, ಕೂಡಲೇ ವರದಿ ಮಾಡಿ.’

ನನಗೆ ಸಿಟ್ಟು ನೆತ್ತಿಗೇರಿತು. ಎರಡು ಪುಟ ಝಾಡಿಸಿ ಬರೆಯಬೇಕೆಂದು ಲೇಖನಿ ಎತ್ತಿದೆ. ಅವನು ಕೈ ಅಡ್ಡ ಹಿಡಿದ. “ಬೈಬ್ಯಾಡ್ರಿ. ಪಾಪ, ಅವರಿಗೇನ ಗೊತ್ತು? ಕೇಳಿದ್ದಕ್ಕ ಉತ್ತರಾ ಬರೀರಿ.”

ಬರೆದೆ. ಕೆಲಸ ಪೂರ್ಣವಾಗಿದೆ. ಗುಂಡಿ ಮುಚ್ಚಿದೆ. ಮಣ್ಣು ಹೊರಗೆ ಹೋಗಿಲ್ಲ. ಅಲ್ಲಿಗೆ ನಿಲ್ಲಿಸಿ ಅವನ ಮುಖ ನೋಡಿದೆ.

“ಒಡ್ಡಿನ ಸ್ಥಿತಿ ಹ್ಯಾಂಗೈತಿ ಅಂತ ಕೇಳ್ಯಾರಲ್ಲೋ?”

ಅವನು ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಈಗ ಒಂಟಿ ಇಲ್ಲ ಅಂತ ಬರೀರಿ,” ಎಂದ.

ಹಾಗೇ ಬರೆದು ಕಳಿಸಿದೆ.